ನಿರೀಕ್ಷಕರ ಹೆಸರು ಬದಲು, ಅಧಿಕಾರವಲ್ಲ

1948ರ ಕಾರ್ಖಾನೆಗಳ ಕಾಯ್ದೆಯ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತಾ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಕಾರ್ಖಾನೆ ನಿರೀಕ್ಷಕರು ಈಗ ತಪಾಸಣೆಯೊಂದಿಗೆ ಸಲಹೆಯನ್ನೂ ನೀಡಬೇಕಾದ 'ನಿರೀಕ್ಷಕ ಹಾಗೂ ಸುಗಮಕಾರ'ರು. ಹೆಸರು ಮೃದುವಾಯಿತೆಂದು ಮಾಲೀಕರು ನಿರಾಳರಾಗುವಂತಿಲ್ಲ. ಕಾರ್ಖಾನೆಯನ್ನು ಪ್ರವೇಶಿಸುವ, ದಾಖಲೆ ಪರಿಶೀಲಿಸುವ, ಛಾಯಾಚಿತ್ರ ತೆಗೆಯುವ, ಕಾರ್ಮಿಕರನ್ನು ವಿಚಾರಿಸುವ ಅಧಿಕಾರ ಹಾಗೆಯೇ ಉಳಿದಿದೆ. ಜೀವಕ್ಕೆ ಅಪಾಯ ಸನ್ನಿಹಿತವೆಂದು ಕಂಡುಬಂದಲ್ಲಿ, ಅದು ನಿವಾರಣೆಯಾಗುವವರೆಗೆ ಅಲ್ಲಿ ಕೆಲಸವನ್ನೇ ನಿಷೇಧಿಸಬಹುದು.

ಆದ್ದರಿಂದ ಸಿದ್ಧತೆ ಕಡತಗಳ ಕಪಾಟಿನಲ್ಲಲ್ಲ, ಯಂತ್ರಗಳ ನಡುವೆ ಆರಂಭವಾಗಬೇಕು. ರಿಜಿಸ್ಟರು ಅಚ್ಚುಕಟ್ಟಾಗಿದ್ದು ಪ್ರೆಸ್ ಯಂತ್ರಕ್ಕೆ ರಕ್ಷಾಕವಚವಿಲ್ಲದಿದ್ದರೆ, ತಪಾಸಣೆಯಲ್ಲಿ ಮಾಲೀಕ ಪಾರಾಗಬಹುದು. ಬೆರಳು ಕಳೆದುಕೊಳ್ಳುವವನು ಮಾತ್ರ ಕಾರ್ಮಿಕ. ಅಧಿಕಾರಿ ಬರುವುದು ಯಾವಾಗಲೋ ಒಮ್ಮೆ. ಅಪಾಯ ಮಾತ್ರ ಪ್ರತಿ ಪಾಳಿಯಲ್ಲೂ ಹಾಜರು.