ಸರಕು ವಾಹನ ಲೀಸಿಗೋ, ಸ್ವಂತಕ್ಕೋ: ಬ್ರಹ್ಮಪುರದ ಅಂಗಡಿಕಾರರು ಹಾಕಬೇಕಾದ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ವಾಹನಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಮೂರು ಚಕ್ರದ ಟಂಟಂಗಳಿಗೂ ಇದೇ ದರ. ವಿದ್ಯುತ್ ವಾಹನಗಳಿಗೆ ಮೊದಲಿನಂತೆ ಶೇ. 5. ತೆರಿಗೆಗೆ ಮುಂಚೆ 5 ಲಕ್ಷ ರೂಪಾಯಿ ಬೆಲೆಯ ಒಂದು ಸಣ್ಣ ವಾಹನಕ್ಕೆ ಹಿಂದೆ 6.40 ಲಕ್ಷ ಕೊಡಬೇಕಿತ್ತು, ಈಗ 5.90 ಲಕ್ಷ. ಐವತ್ತು ಸಾವಿರ ಉಳಿಯಿತು. ಹೀಗಾಗಿ "ಕೊಳ್ಳುವುದು ಯಾಕೆ, ತಿಂಗಳ ಲೀಸಿಗೆ ತಗೊಂಡರಾಯಿತು" ಎಂದುಕೊಂಡಿದ್ದವರು ಹಳೆಯ ಲೆಕ್ಕವನ್ನು ಹರಿದುಹಾಕಿ ಹೊಸದಾಗಿ ಕೂರುವುದು ಒಳ್ಳೆಯದು.

ಕಲಬುರಗಿಯಲ್ಲಿ ಶರಣಬಸವೇಶ್ವರ ದೇವಸ್ಥಾನದ ಸುತ್ತಿನ ಬ್ರಹ್ಮಪುರದಂಥ ಹಳೆಯ ಬಡಾವಣೆಯ ಓಣಿಗಳಿಗೆ ದೊಡ್ಡ ಲಾರಿ ಹೊಂದುವುದಿಲ್ಲ. ನೆಹರೂ ಗಂಜ್‌ನಿಂದ ಬೇಳೆ, ಕಿರಾಣಾ ಬಜಾರ್‌ನಿಂದ ದಿನಸಿ ತಂದು, ಅಲ್ಲಿಂದ ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದ ಕಡೆಯ ಅಂಗಡಿಗಳಿಗೆ ಮುಟ್ಟಿಸುವವರಿಗೆ ಮುಕ್ಕಾಲು ಟನ್ ಹೊರುವ ಗಾಡಿ ಸಾಕು. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ಟೂ ಬೇಕಿಲ್ಲ. ಚಾಲಕರ ವಿಷಯದಲ್ಲೂ ಒಂದು ಅನುಕೂಲವಾಗಿದೆ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋದೊಳಗಿನ ಸಾರಿಗೆ ವಾಹನವನ್ನು ಬೇರೆ ಅನುಮತಿ ಇಲ್ಲದೆ ಓಡಿಸಬಹುದು ಎಂದು ತೀರ್ಪು ಕೊಟ್ಟಿದೆ. ಮನೆಯ ಹುಡುಗನೇ ಗಾಡಿ ತೆಗೆದುಕೊಂಡು ಹೋಗಬಹುದು.

ಇನ್ನು ಲೀಸಿನ ಮಾತು. ಚಾಲಕನಿಲ್ಲದೆ ಬರೀ ವಾಹನವನ್ನು ಲೀಸಿಗೆ ಕೊಟ್ಟರೆ, ಆ ವಾಹನದ ಮಾರಾಟಕ್ಕೆ ಯಾವ ತೆರಿಗೆಯೋ ಬಾಡಿಗೆಗೂ ಅದೇ ತೆರಿಗೆ. ತಿಂಗಳಿಗೆ 15,000 ಬಾಡಿಗೆ ಎಂದು ಹಿಡಿದರೆ ತೆರಿಗೆ ಸೇರಿ 17,700. ಮೂರು ವರ್ಷಕ್ಕೆ 6,37,200 ಕೊಟ್ಟಾಗುತ್ತದೆ, ಅದರಲ್ಲಿ 97,200 ಬರೀ ತೆರಿಗೆ. ಕೊನೆಗೆ ಗಾಡಿ ವಾಪಸು. ಲೀಸಿನವರು ತಮ್ಮ ಬಡ್ಡಿ, ತಮ್ಮ ಲಾಭ ಎಲ್ಲವನ್ನೂ ಬಾಡಿಗೆಯೊಳಗೇ ಸೇರಿಸಿರುತ್ತಾರೆ, ಅದರ ಮೇಲೂ ತೆರಿಗೆ ಬೀಳುತ್ತದೆ. ಬ್ಯಾಂಕಿನ ಸಾಲದ ಬಡ್ಡಿಗೆ ಜಿ.ಎಸ್.ಟಿ. ಇಲ್ಲ. ಆದರೆ ವಿಮೆ, ಟೈರು, ರಿಪೇರಿ ಲೀಸಿನಲ್ಲೇ ಸೇರಿದ್ದರೆ ಅದನ್ನೂ ತೂಗಿ ನೋಡಬೇಕು. ಕಲಬುರಗಿಯ ಬಿಸಿಲಿನಲ್ಲಿ ಟೈರು, ಬ್ಯಾಟರಿಯ ಖರ್ಚು ಸಣ್ಣದಲ್ಲ.

"ತೆರಿಗೆ ವಾಪಸು ಸಿಗುತ್ತದಲ್ಲ" ಎಂಬ ಮಾತಿಗೆ ಬೇಗ ಮರುಳಾಗಬಾರದು. ಸರಕು ವಾಹನದ ಮೇಲಿನ ಇನ್‌ಪುಟ್ ಕ್ರೆಡಿಟ್‌ಗೆ ಕಾರಿಗಿರುವಂಥ ತಡೆ ಇಲ್ಲ, ಅದು ನಿಜ. ಆದರೆ ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಯಾವ ಕ್ರೆಡಿಟ್ಟೂ ಇಲ್ಲ. ತೊಗರಿಯ ಊರಿನಲ್ಲಿ ಇನ್ನೊಂದು ತೊಡಕಿದೆ. 2022ರ ಜುಲೈ 18ರಿಂದ 25 ಕಿಲೋವರೆಗಿನ ಪ್ಯಾಕೆಟ್ ಮಾಡಿ ಲೇಬಲ್ ಹಚ್ಚಿದ ಬೇಳೆಗೆ ಶೇ. 5 ತೆರಿಗೆ, ಬಿಡಿ ಬೇಳೆಗೆ ಇಲ್ಲ. ಬಿಡಿ ಬೇಳೆಯನ್ನೇ ಹೆಚ್ಚು ಮಾರುವವರು ಆ ಪಾಲಿನಷ್ಟು ಕ್ರೆಡಿಟ್ ಬಿಟ್ಟುಕೊಡಬೇಕಾಗುತ್ತದೆ. ಆದಾಯ ತೆರಿಗೆಯಲ್ಲೂ ಹಾಗೆಯೇ. ವಹಿವಾಟಿನ ಶೇ. 8 ಅಥವಾ ಶೇ. 6ರಷ್ಟನ್ನು ಅಂದಾಜು ಲಾಭವೆಂದು ತೋರಿಸುವವರಿಗೆ ಲೀಸಿನ ಬಾಡಿಗೆಯನ್ನು ಬೇರೆಯಾಗಿ ಖರ್ಚು ಹಾಕಲು ಬರುವುದಿಲ್ಲ. ಲೀಸಿನ ತೆರಿಗೆ ಲಾಭ ದೊಡ್ಡ ಕಂಪನಿಗಳಿಗೆ ಹೊಂದುವಷ್ಟು ಸಣ್ಣ ಅಂಗಡಿಗೆ ಹೊಂದುವುದಿಲ್ಲ.

ಸಮಾಜದ ಬಹಳ ಮನೆಗಳು ಗಮನಿಸದೆ ಬಿಡುವ ಒಂದು ದಾರಿ ಇದೆ. ಜೈನರು 2014ರ ಜನವರಿಯಿಂದ ಕೇಂದ್ರದ ಅಧಿಸೂಚನೆಯಂತೆ ಅಲ್ಪಸಂಖ್ಯಾತರು. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಸ್ವಾವಲಂಬಿ ಸಾರಥಿ' ಯೋಜನೆಯಲ್ಲಿ ನಿರುದ್ಯೋಗಿ ಯುವಕರಿಗೆ ಟ್ಯಾಕ್ಸಿ, ಆಟೋ ಅಥವಾ ಸರಕು ವಾಹನ ಕೊಳ್ಳಲು ಬೆಲೆಯ ಶೇ. 50, ಗರಿಷ್ಠ 3 ಲಕ್ಷ ರೂಪಾಯಿ ಸಹಾಯಧನವಿದೆ. ಮೇಲಿನ 5.90 ಲಕ್ಷದ ಗಾಡಿಗೆ ಇದು 2.95 ಲಕ್ಷವಾಗುತ್ತದೆ, ಉಳಿದದ್ದಕ್ಕಷ್ಟೇ ಸಾಲ. ಆದಾಯದ ಮಿತಿ ಇದೆ, ಚಾಲನಾ ಲೈಸೆನ್ಸ್ ಬೇಕು, ಅರ್ಜಿ ಹಾಕಿದವರಿಗೆಲ್ಲ ಸಿಗುವುದೂ ಇಲ್ಲ. ಅಂಗಡಿ ಚೆನ್ನಾಗಿ ನಡೆಸುತ್ತಿರುವ ಯಜಮಾನ ಇದಕ್ಕೆ ಕೈ ಚಾಚುವುದು ಸರಿಯೂ ಅಲ್ಲ. ಆದರೆ ಪಿ.ಯು.ಸಿ. ಮುಗಿಸಿ ಮನೆಯಲ್ಲಿ ಕೂತ, ನಿಜವಾಗಿ ಕಷ್ಟದಲ್ಲಿರುವ ಕುಟುಂಬದ ಹುಡುಗ ಒಂದು ಗಾಡಿ ಮಾಡಿಕೊಂಡರೆ ಓಣಿಯ ನಾಲ್ಕು ಅಂಗಡಿಗಳ ಸಾಗಣೆಯನ್ನು ಅವನಿಗೇ ವಹಿಸಬಹುದು. ಲೀಸಿನ ವಾಹನಕ್ಕೆ ಈ ಸಹಾಯಧನ ಬರುವುದಿಲ್ಲ, ವಾಹನ ಅವನ ಹೆಸರಿನಲ್ಲೇ ಕೊಳ್ಳಬೇಕು.

ಹಿರಿಯರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು. ಶ್ರಾವಕರು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಶಕಟ ಮತ್ತು ಭಾಟಕ, ಅಂದರೆ ಗಾಡಿಯ ವ್ಯಾಪಾರ ಮತ್ತು ಬಾಡಿಗೆಯ ಜೀವನ, ಸೇರಿವೆ. ಎತ್ತು, ಒಂಟೆಗಳ ಮೇಲೆ ಹೇರುವ ಭಾರವೇ ಅಲ್ಲಿನ ಮುಖ್ಯ ಚಿಂತೆ. ಇಂದಿನ ಗಾಡಿಗೆ ಎತ್ತಿಲ್ಲ, ಆದರೆ ಮುಕ್ಕಾಲು ಟನ್ನಿನ ಗಾಡಿಗೆ ಒಂದೂವರೆ ಟನ್ ತುಂಬಿ, ನಿದ್ದೆಗೆಟ್ಟ ಚಾಲಕನನ್ನು ರಾತ್ರಿ ಕಳಿಸುವವರು ಆ ನಿಯಮವನ್ನು ನೆನೆಯಬೇಕು.

ವಾರಕ್ಕೆ ಎರಡೇ ದಿನ ಸಾಗಣೆ ಇರುವವರಿಗೆ ಲೀಸೂ ಬೇಡ, ಸ್ವಂತದ್ದೂ ಬೇಡ. ಟ್ರಿಪ್ಪಿನ ಲೆಕ್ಕದ ಟಂಟಂ ಅಗ್ಗ. ತೊಗರಿಯ ಸುಗ್ಗಿ, ದೀಪಾವಳಿ, ಮದುವೆಯ ದಿನಗಳನ್ನು ಬಿಟ್ಟರೆ ಗಾಡಿ ನಿಂತೇ ಇರುತ್ತದೆ, ಲೀಸಿನ ಕಂತು ನಿಲ್ಲುವುದಿಲ್ಲ.

ಆದರೂ ಲೀಸೇ ಬೇಕೆನ್ನುವವರು ಕೆಲವು ಪತ್ರ ನೋಡಿಯೇ ಸಹಿ ಹಾಕಬೇಕು. ಲೀಸಿನ ಕರಾರು ಆರ್.ಸಿ. ಪುಸ್ತಕದಲ್ಲಿ ನಮೂದಾಗಿರಬೇಕು. ಮೋಟಾರು ವಾಹನ ಕಾಯಿದೆಯ 2(30)ನೇ ಕಲಮಿನಂತೆ ಲೀಸಿನ ಮೇಲೆ ವಾಹನ ಇಟ್ಟುಕೊಂಡವನೂ 'ಮಾಲೀಕ'ನೇ. ಅಪಘಾತವಾದರೆ ಪರಿಹಾರದ ಹೊಣೆ ಅಂಗಡಿಯ ಬಾಗಿಲಿಗೂ ಬರಬಹುದು. ಆದ್ದರಿಂದ ವಿಮಾ ಪತ್ರದಲ್ಲಿ ಸರಕು ಸಾಗಣೆಯ ಬಳಕೆ ಬರೆದಿದೆಯೇ ನೋಡಬೇಕು. ಬಿಳಿ ಬೋರ್ಡಿನ ಗಾಡಿಯನ್ನು ಬಾಯಿಮಾತಿನ ಮೇಲೆ ಬಾಡಿಗೆಗೆ ಹಿಡಿಯಲೇಬಾರದು. ಅವಧಿಗೆ ಮುಂಚೆ ಬಿಟ್ಟರೆ ದಂಡ ಎಷ್ಟು, ತಿಂಗಳಿಗೆ ಎಷ್ಟು ಕಿಲೋಮೀಟರ್‌ವರೆಗೆ, ಕಮಲಾಪುರ ದಾಟಿ ಹುಮನಾಬಾದ್, ಬೀದರಿಗೆ ಹೋದರೆ ಹೆಚ್ಚುವರಿ ಎಷ್ಟು, ವಾಪಸು ಕೊಡುವಾಗ ಗೀಚಿದ ಬಣ್ಣಕ್ಕೂ ಹಣ ಕೇಳುತ್ತಾರೆಯೇ, ಇದೆಲ್ಲ ಕರಾರಿನಲ್ಲಿ ಕನ್ನಡದಲ್ಲೇ ಬರೆಸಿಕೊಳ್ಳಬಹುದು.