ಟೀವಿಯಲ್ಲಿ ಆಟ ಉಂಟು, ಪೇಟೆಯಲ್ಲಿ ನೆಟ್ ಇಲ್ಲ

2024ರ ಆಗಸ್ಟ್ 10, ಶನಿವಾರ ಸಂಜೆ. ಬಿನ್ನಿಪೇಟೆಯ ಒಂದು ವಠಾರದಿಂದ ‘ಹೋ’ ಎಂಬ ಕೂಗೆದ್ದಿತು. ಕ್ರಿಕೆಟ್ಟೇ ಇರಬೇಕೆಂದು ಪಕ್ಕದ ಮನೆಯವರು ‘ಸ್ಕೋರೆಷ್ಟು ಸಾರ್?’ ಅಂತ ಕೇಳಿದರೆ, ‘ಫ್ರಾನ್ಸ್ ಇಪ್ಪತ್ತೈದು, ಪೋಲೆಂಡ್ ಇಪ್ಪತ್ಮೂರು. ಚಿನ್ನ ಹೊಡೆದ್ರು!’ ಎಂಬ ಉತ್ತರ ಬಂತು. ಕೇಳಿದವರು ಕಕ್ಕಾಬಿಕ್ಕಿ. ಅದು ಪ್ಯಾರಿಸ್ ಒಲಿಂಪಿಕ್ಸಿನ ಗಂಡಸರ ವಾಲಿಬಾಲ್ ಫೈನಲ್ಲು.

ಆ ಮನೆಗೆ ಅದೊಂದು ಹಬ್ಬ. ಬಿನ್ನಿ ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ತಾತ, ದಿನಸಿ ಅಂಗಡಿಯ ಷಟರನ್ನು ಅರ್ಧಕ್ಕೆಳೆದು ಓಡಿಬಂದ ಮಗ, ಕಾಫಿ ಲೋಟ ಹಿಡಿದೇ ನಿಂತ ಸೊಸೆ, ನೆಲದ ಮೇಲೆ ಇಬ್ಬರು ಮಕ್ಕಳು. ಯಾವ ದೇಶ ಗೆದ್ದರೇನು, ಆಟ ಚೆನ್ನಾಗಿದ್ದರೆ ಸಾಕು.

ತಾತನದು ಹಳೇ ಲೆಕ್ಕ. ಆಗ ಸರ್ವಿಸ್ ಮಾಡಿದ ಕಡೆಗೆ ಮಾತ್ರ ಪಾಯಿಂಟು, ಹದಿನೈದಕ್ಕೆ ಗೇಮು. ಆಟ ಎಷ್ಟು ಹೊತ್ತಿಗೆ ಮುಗಿಯುವುದೋ ದೇವರೇ ಬಲ್ಲ! ಟೀವಿಯವರಿಗೆ ಅದು ಸರಿಹೋದೀತೇ? 1998ರಲ್ಲಿ ನಿಯಮವೇ ಬದಲಾಯಿತು. ಈಗ ಪ್ರತಿ ಸರ್ವಿಸಿಗೂ ಒಂದು ಪಾಯಿಂಟು, ಇಪ್ಪತ್ತೈದಕ್ಕೆ ಸೆಟ್ಟು. ಬೇರೆ ಬಣ್ಣದ ಅಂಗಿಯ ‘ಲಿಬೆರೊ’ ಬಂದಿದ್ದೂ ಆಗಲೇ. ಅವನು ಸ್ಮ್ಯಾಷ್ ಹೊಡೆಯುವಂತಿಲ್ಲ, ನೆಲಕ್ಕೆ ಬೀಳೋ ಚೆಂಡನ್ನು ಎತ್ತುತ್ತಿರಬೇಕು, ಅಷ್ಟೆ. ಸೊಸೆಗೆ ಅವನೇ ಮೆಚ್ಚು. ‘ಮನೇಲಿ ನನ್ನ ಕೆಲಸಾನೂ ಅದೇ ಅಲ್ವಾ ಮಾವ?’ ಎಂದು ಆಕೆ ಅಂದರೆ ತಾತನಿಗೂ ನಗು.

ನಮ್ಮ ದೇಶದ ಮಾತೆತ್ತಿದರೆ ತಾತ 1986ಕ್ಕೆ ಹೋಗುತ್ತಾರೆ. ಸಿಯೋಲ್ ಏಷ್ಯನ್ ಗೇಮ್ಸ್, ಕೇರಳದ ಜಿಮ್ಮಿ ಜಾರ್ಜ್ ಆಡಿದ ತಂಡ, ಭಾರತಕ್ಕೆ ಕಂಚು. ಆಮೇಲೆ ದಶಕಗಳ ಬರಗಾಲ. 2023ರ ಸೆಪ್ಟೆಂಬರಿನಲ್ಲಿ ಚೀನಾದ ಹಾಂಗ್‌ಝೌನಲ್ಲಿ ಮೂರು ಬಾರಿಯ ಚಾಂಪಿಯನ್ ದಕ್ಷಿಣ ಕೊರಿಯಾವನ್ನು ನಮ್ಮವರು ಐದನೇ ಸೆಟ್ಟಿನಲ್ಲಿ 17–15ಕ್ಕೆ ಮಣಿಸಿದಾಗ ತಾತ ಕುರ್ಚಿಯಿಂದೆದ್ದು ನಿಂತರು. ಮುಂದೆ ಜಪಾನ್ ಎದುರು ಸೋತು ಪದಕ ತಪ್ಪಿತು. ಆದರೂ ಆ ಒಂದು ಗೆಲುವಿನ ಮಾತು ಅಂಗಡಿ ಕಟ್ಟೆಯಲ್ಲಿ ವಾರವಿಡೀ ನಡೆಯಿತು.

ಅದೇ ವರ್ಷ ಡಿಸೆಂಬರಿನಲ್ಲಿ ವಿಶ್ವ ಕ್ಲಬ್ ಚಾಂಪಿಯನ್‌ಷಿಪ್ ಬೆಂಗಳೂರಿಗೇ ಬಂತು. ಕೋರಮಂಗಲದ ಒಳಾಂಗಣದಲ್ಲಿ ಇಟಲಿಯ ಪೆರುಗಿಯಾ ತಂಡ ಬ್ರೆಜಿಲಿನ ಮಿನಾಸನ್ನು ಸೋಲಿಸಿ ಕಪ್ಪೆತ್ತಿತು. ಬಿನ್ನಿಪೇಟೆಯ ಈ ಸಂಸಾರ ಅದನ್ನೂ ನೋಡಿದ್ದು ಟೀವಿಯಲ್ಲೇ! ಅಂಗಡಿ ಮುಚ್ಚಿ, ಮಕ್ಕಳನ್ನು ಕಟ್ಟಿಕೊಂಡು, ಬಸ್ಸು ಬದಲಿಸಿ ಹೋಗಿ, ರಾತ್ರಿ ವಾಪಸ್ ಬರುವ ಪಾಡು ಬಸ್ಸಿನಲ್ಲಿ ಓಡಾಡುವವರಿಗೆ ಹೇಳಬೇಕಾಗಿಲ್ಲ.

ಇರಲಿ, ದೊಡ್ಡ ಆಟ ಟೀವಿಯಲ್ಲೇ ನೋಡೋಣ. ಆದರೆ ಫೈನಲ್ ಮುಗಿದ ಮೇಲೆ ಮೊಮ್ಮಗ ಕೇಳಿದ: ‘ತಾತ, ನಾವೆಲ್ಲಿ ಆಡೋದು?’ ತಾತನ ಬಾಯಿ ಕಟ್ಟಿತು. ಅವರ ಕಾಲದಲ್ಲಿ ಪಾಳಿ ಮುಗಿಸಿದವರು ಖಾಲಿ ಜಾಗದಲ್ಲಿ ನೆಟ್ ಕಟ್ಟಿ ಕತ್ತಲಾಗುವವರೆಗೆ ಆಡುತ್ತಿದ್ದರು. ಈಗ ಮಿಲ್ಲಿಲ್ಲ. ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟುಗಳೆದ್ದಿವೆ. ಪಾರ್ಕಿಗೆ ಹೋದರೆ ‘ಆಟ ನಿಷೇಧ’. ಮೈದಾನಕ್ಕೆ ಹೋದರೆ ಕ್ರಿಕೆಟ್ಟಿನವರ ಮೂರು ನಾಲ್ಕು ಟೀಮು.

ವಾಲಿಬಾಲಿಗೆ ಬೇಕಾದ್ದಾದರೂ ಎಷ್ಟು? ಹದಿನೆಂಟು ಮೀಟರ್ ಉದ್ದ, ಒಂಬತ್ತು ಮೀಟರ್ ಅಗಲದ ಅಂಕಣ, ಸುತ್ತ ಒಂದಿಷ್ಟು ಜಾಗ, ಎರಡು ಕಂಬ, ಒಂದು ನೆಟ್ಟು. ಗಂಡಸರಿಗೆ 2.43 ಮೀಟರ್ ಎತ್ತರ, ಹೆಂಗಸರಿಗೆ 2.24. ಅದೇ ಕಂಬದಲ್ಲಿ ನೆಟ್ ಇಳಿಸಿ ಕಟ್ಟಿದರೆ ಹುಡುಗೀರಿಗೂ ಆಯಿತು. ಹನ್ನೆರಡು ಜನ ಒಟ್ಟಿಗೆ ಆಡುವ ಇಷ್ಟು ಅಗ್ಗದ ಆಟ ಇನ್ನೊಂದಿದೆಯೇ? ಫುಟ್‌ಪಾತ್ ಕಲ್ಲನ್ನು ಕಿತ್ತು ಮತ್ತೆ ಹಾಸುವ ದುಡ್ಡಿನಲ್ಲಿ ಇಂಥ ಎಷ್ಟು ಕಂಬ ನೆಡಬಹುದೆಂದು ಪಾಲಿಕೆಯವರೇ ಲೆಕ್ಕ ಹಾಕಲಿ.

ಬಿನ್ನಿಪೇಟೆಗೆ ಸ್ಟೇಡಿಯಂ ಬೇಡ ಸ್ವಾಮಿ. ಯಾವುದಾದರೂ ಮೈದಾನದ ಒಂದು ಮೂಲೆ, ಸಂಜೆಗೊಂದು ದೀಪ ಕೊಟ್ಟರೆ ಸಾಕು. ಸದ್ಯಕ್ಕೆ ವಠಾರದ ಮಕ್ಕಳು ಬಟ್ಟೆ ಒಣಹಾಕುವ ಹಗ್ಗವನ್ನೇ ನೆಟ್ ಮಾಡಿಕೊಂಡಿದ್ದಾರೆ. ಎರಡು ಸರ್ವಿಸಿಗೊಮ್ಮೆ ಚೆಂಡು ಮೋರಿಗೆ ಬೀಳುತ್ತದೆ. ಎತ್ತಿಕೊಡುವ ‘ಲಿಬೆರೊ’ ತಾತನೇ. ಸಂಬಂಧಪಟ್ಟವರು ಇತ್ತ ಕಣ್ಣು ಹಾಯಿಸುವರೇ?