ಹ್ಯಾಂಡಲ್ ಎಲ್ಲರ ಕೈಗೂ ಬರಲಿ

ಗಾಳಿಪಟಕ್ಕೆ ದಾರ ಇರುವುದು ಎಲ್ಲರಿಗೂ ಗೊತ್ತು. ವಿಮಾನಕ್ಕೂ ದಾರ ಕಟ್ಟಿ ಹಾರಿಸುತ್ತಾರೆ ಎಂದರೆ ನನ್ನ ತರಗತಿಯ ಅರ್ಧಕ್ಕರ್ಧ ಜನ ನಗುತ್ತಾರೆ. ‘ಡ್ರೋನ್ ಕಾಲದಲ್ಲಿ ದಾರ ಯಾಕಪ್ಪಾ?’ ಎಂದು ಕೇಳುತ್ತಾರೆ. ಎನ್‌ಸಿಸಿ ಏರ್ ವಿಂಗ್‌ನಲ್ಲಿ ಇದ್ದವರಿಗೆ ಮಾತ್ರ ಇದು ಹೊಸದಲ್ಲ. ಅಖಿಲ ಭಾರತ ವಾಯು ಸೈನಿಕ ಶಿಬಿರದ ಏರೋಮಾಡೆಲಿಂಗ್ ಸ್ಪರ್ಧೆಗಳಲ್ಲಿ ‘ಕಂಟ್ರೋಲ್ ಲೈನ್’ ಹಾರಾಟವೂ ಒಂದು. ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ನಾನು ಇದನ್ನು ಕಲಿತದ್ದೂ ಏರ್ ವಿಂಗ್ ಕೆಡೆಟ್ ಆಗಿಯೇ.

ವಿಧಾನ ಸರಳ. ಮಾದರಿ ವಿಮಾನದ ಒಂದು ರೆಕ್ಕೆಯ ತುದಿಯಿಂದ ಎರಡು ತೆಳು ಉಕ್ಕಿನ ತಂತಿಗಳು ಹೊರಟು ನಮ್ಮ ಕೈಯಲ್ಲಿರುವ ಹ್ಯಾಂಡಲ್‌ಗೆ ಬಂದು ಸೇರುತ್ತವೆ. ವಿಮಾನದೊಳಗೆ ಬೆಲ್‌ಕ್ರ್ಯಾಂಕ್ ಎಂಬ ಪುಟ್ಟ ಸನ್ನೆ ಇದೆ. ಹ್ಯಾಂಡಲ್ ಹಿಂದಕ್ಕೆ ಬಾಗಿಸಿದರೆ ಬಾಲದ ಎಲಿವೇಟರ್ ಎದ್ದು ವಿಮಾನ ಮೇಲೇರುತ್ತದೆ, ಮುಂದಕ್ಕೆ ಬಾಗಿಸಿದರೆ ಇಳಿಯುತ್ತದೆ. ವಿಮಾನ ನಮ್ಮ ಸುತ್ತ ವೃತ್ತಾಕಾರದಲ್ಲಿ ಹಾರುತ್ತದೆ, ನಾವು ನಡುವೆ ನಿಂತು ಅದರ ಜೊತೆ ಸುತ್ತುತ್ತೇವೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಜಿಮ್ ವಾಕರ್ 1940ರ ದಶಕದಲ್ಲಿ ‘ಯು-ಕಂಟ್ರೋಲ್’ ಎಂಬ ಹೆಸರಿನಲ್ಲಿ ಇದನ್ನು ಜನಪ್ರಿಯಗೊಳಿಸಿದರು. ರೇಡಿಯೊ ಬೇಕಿಲ್ಲ. ಗಾಳಿ ವಿಮಾನವನ್ನು ಹೇಗೆ ತಳ್ಳುತ್ತಿದೆ ಎಂಬುದು ತಂತಿಯ ಮೂಲಕ ನೇರವಾಗಿ ಅಂಗೈಗೆ ತಿಳಿಯುತ್ತದೆ. ಈ ಅನುಭವ ಯಾವ ರಿಮೋಟಿನಲ್ಲೂ ಸಿಗುವುದಿಲ್ಲ.

ಇಂಥ ವಿಮಾನಕ್ಕೆ ದಶಕಗಳಿಂದ ಗ್ಲೋ ಎಂಜಿನ್ ಅಥವಾ ಪುಟ್ಟ ಡೀಸೆಲ್ ಎಂಜಿನ್ ಬಳಸುತ್ತಾ ಬಂದಿದ್ದಾರೆ. ಈಗ ಅದರ ಜಾಗದಲ್ಲಿ ವಿದ್ಯುತ್ ಮೋಟಾರ್ ಕೂರಿಸಿ ನೋಡುವವರು ಹೆಚ್ಚುತ್ತಿದ್ದಾರೆ. ನಾವೂ ನೋಡಿದೆವು. ಕಾಲೇಜು ಘಟಕಗಳಲ್ಲಿ, ಏರೋಮಾಡೆಲಿಂಗ್ ಕ್ಲಬ್‌ಗಳಲ್ಲಿ ಹೊಸಬರ ತರಬೇತಿಯನ್ನು ವಿದ್ಯುತ್ ವಿಮಾನದಿಂದಲೇ ಆರಂಭಿಸಬೇಕು ಎಂಬುದು ಆ ಅನುಭವದಿಂದ ಬಂದ ನನ್ನ ಅಭಿಪ್ರಾಯ. ಹೊಗೆ ಇಲ್ಲ, ಸದ್ದು ಕಡಿಮೆ ಎಂಬ ಕಾರಣಗಳನ್ನು ಎಲ್ಲರೂ ಹೇಳುತ್ತಾರೆ. ನನಗೆ ಅವು ಎರಡನೆಯ ಸಾಲಿನ ಕಾರಣಗಳು. ಮೊದಲನೆಯದು, ಹ್ಯಾಂಡಲ್ ಎಷ್ಟು ಜನರ ಕೈಗೆ ಬರುತ್ತದೆ ಎಂಬ ಲೆಕ್ಕ.

ಎಂಜಿನ್ ಬಳಸುವ ಒಂದು ಸಂಜೆಯನ್ನು ಕಲ್ಪಿಸಿಕೊಳ್ಳಿ. ಮೆಥನಾಲ್, ಹರಳೆಣ್ಣೆ, ಕೆಲವೊಮ್ಮೆ ಸ್ವಲ್ಪ ನೈಟ್ರೊಮೀಥೇನ್ ಬೆರೆಸಿದ ಇಂಧನ ತುಂಬಬೇಕು. ಗ್ಲೋ ಪ್ಲಗ್‌ಗೆ ಒಂದೂವರೆ ವೋಲ್ಟ್ ಬ್ಯಾಟರಿ ಹಿಡಿಯಬೇಕು. ಬೆರಳಿನಿಂದ ಪ್ರೊಪೆಲರ್ ಚಿಮ್ಮಿಸಬೇಕು. ಹತ್ತು ಸಲ ಚಿಮ್ಮಿಸಿದ ಮೇಲೆ ಒಮ್ಮೆ ಬುರ್ ಎಂದು ನಿಲ್ಲುತ್ತದೆ. ಸೂಜಿ ಕವಾಟ ತಿರುಗಿಸಿ ಮತ್ತೆ ಶುರು. ಇಂಧನ ಹೆಚ್ಚಾದರೆ ಪ್ಲಗ್ ಒದ್ದೆ, ಕಡಿಮೆಯಾದರೆ ಎಂಜಿನ್ ಬಿಸಿ. ಮಳೆಗಾಲದಲ್ಲಿ ಡಬ್ಬದ ಮುಚ್ಚಳ ಸಡಿಲವಾಗಿದ್ದರೆ ಮೆಥನಾಲ್ ಗಾಳಿಯ ತೇವ ಹೀರಿಕೊಂಡು ಇನ್ನಷ್ಟು ಸತಾಯಿಸುತ್ತದೆ. ನಮ್ಮ ಎರಡು ಗಂಟೆಯ ಅಭ್ಯಾಸದಲ್ಲಿ ನಾಲ್ಕು ಹಾರಾಟವಾದರೆ ಅದೇ ಹಬ್ಬ. ಮೈದಾನದಲ್ಲಿ ಹನ್ನೆರಡು ಜನ ಕೆಡೆಟ್‌ಗಳು.

ಆ ನಾಲ್ಕು ಹಾರಾಟ ಯಾರಿಗೆ ಸಿಗುತ್ತಿತ್ತು? ಎಂಜಿನ್ ಎಬ್ಬಿಸಬಲ್ಲ ಸೀನಿಯರ್‌ಗಳಿಗೆ. ಸ್ಪರ್ಧೆ ಹತ್ತಿರ ಬಂದಾಗ ಹಾರಿಸಲು ಬಲ್ಲವರಿಗೇ ಮತ್ತೆ ಅವಕಾಶ. ಉಳಿದವರು ರೆಕ್ಕೆ ಹಿಡಿಯುವುದು, ಡಬ್ಬ ತರುವುದು, ಎಣ್ಣೆ ಒರೆಸುವುದು. ಹುಡುಗಿಯರಿಗಂತೂ ‘ಪ್ರೊಪೆಲರ್ ಬೆರಳಿಗೆ ಬಡಿಯುತ್ತೆ, ನೀವು ದೂರ ಇರಿ’ ಎಂಬ ಕಾಳಜಿಯ ಮಾತು ಬೇರೆ. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಹಾರಾಟಗಳೇ ಕಡಿಮೆ ಇದ್ದಾಗ ಅವು ಬಲ್ಲವರ ಪಾಲಾಗುವುದು ಸಹಜ. ಆದರೆ ಈಜು ಕಲಿಯಲು ನೀರಿಗೆ ಇಳಿಯಲೇಬೇಕಲ್ಲ? ಎರಡು ವರ್ಷ ಏರ್ ವಿಂಗ್‌ನಲ್ಲಿದ್ದು ಒಮ್ಮೆಯೂ ಹ್ಯಾಂಡಲ್ ಹಿಡಿಯದೆ ಹೊರಬಿದ್ದ ಗೆಳೆಯರು ನನಗಿದ್ದಾರೆ.

ವಿದ್ಯುತ್ ಮೋಟಾರ್ ಬಂದಾಗ ಬದಲಾದದ್ದು ಇದು. ನಾವು ಕಟ್ಟಿದ್ದು ಹಲಗೆಯಂತೆ ಚಪ್ಪಟೆ ಒಡಲಿನ, ಒಂದು ಮೀಟರ್ ರೆಕ್ಕೆಯ, ಸುಮಾರು 900 ಗ್ರಾಂ ತೂಕದ ವಿಮಾನ. ಅದರಲ್ಲಿ ಒಂದು ಬ್ರಶ್‌ಲೆಸ್ ಮೋಟಾರ್, ಅದರ ವೇಗ ನಿಯಂತ್ರಿಸುವ ಇಎಸ್‌ಸಿ, ಮೂರು ಸೆಲ್‌ಗಳ 2200 ಎಂಎಎಚ್ ಲಿಥಿಯಂ ಪಾಲಿಮರ್ ಬ್ಯಾಟರಿ, ಒಂದು ಟೈಮರ್. ಗುಂಡಿ ಒತ್ತಿ ಹಿಂದೆ ಸರಿದರೆ ಕೆಲವು ಸೆಕೆಂಡುಗಳ ನಂತರ ಮೋಟಾರ್ ಮೆಲ್ಲಗೆ ಶುರುವಾಗುತ್ತದೆ, ನಾವು ಹೇಳಿದಷ್ಟು ಹೊತ್ತು ಓಡಿ ನಿಲ್ಲುತ್ತದೆ. ಹೊಸಬರು ಎರಡು ನಿಮಿಷಕ್ಕಿಂತ ಹೆಚ್ಚು ಹಾರಿಸಬಾರದು, ಏಕೆಂದರೆ ಸುತ್ತಿ ಸುತ್ತಿ ತಲೆ ತಿರುಗುತ್ತದೆ. ಹಾಗಾಗಿ ಒಂದು ಬ್ಯಾಟರಿಯಲ್ಲಿ ಇಬ್ಬರ ಸರದಿ ಮುಗಿಯುತ್ತದೆ. ನಾಲ್ಕು ಬ್ಯಾಟರಿ ಇದ್ದರೆ ಎಂಟು ಜನ. ಅಷ್ಟರಲ್ಲಿ ಮೊದಲ ಬ್ಯಾಟರಿ ಚಾರ್ಜ್ ಆಗಿ ಬಂದಿರುತ್ತದೆ. ಅದೇ ಎರಡು ಗಂಟೆಯಲ್ಲಿ ಹನ್ನೆರಡೂ ಜನ ಹಾರಿಸಿದರು. ಎಂಜಿನ್ ಎಬ್ಬಿಸಲು ಬಾರದು ಎಂಬ ಕಾರಣಕ್ಕೆ ಯಾರೂ ಬದಿಗೆ ನಿಲ್ಲಲಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ತಳ್ಳಿಹಾಕುವಂಥವಲ್ಲ. ಮೊದಲನೆಯದು ಶಕ್ತಿಯದು. ಒಂದು ಕಿಲೊ ಮೆಥನಾಲ್‌ನಲ್ಲಿ ಸುಮಾರು 20 ಮೆಗಾಜೂಲ್ ಶಕ್ತಿ ಇದೆ. ಅಷ್ಟೇ ತೂಕದ ಲಿಥಿಯಂ ಪಾಲಿಮರ್ ಬ್ಯಾಟರಿಯಲ್ಲಿ ಇರುವುದು ಒಂದು ಮೆಗಾಜೂಲ್‌ಗಿಂತಲೂ ಕಡಿಮೆ. ಪುಟ್ಟ ಎಂಜಿನ್ ಆ ಶಕ್ತಿಯ ಬಹುಪಾಲನ್ನು ಬಿಸಿಯಾಗಿ ಚೆಲ್ಲುತ್ತದೆ ಎಂದುಕೊಂಡರೂ ಅಂತರ ದೊಡ್ಡದೇ. ಆದರೆ ಕಂಟ್ರೋಲ್ ಲೈನ್ ವಿಮಾನ ಬೆಂಗಳೂರಿನಿಂದ ಬೆಳಗಾವಿಗೆ ಹೋಗಬೇಕಿಲ್ಲ. ಸ್ಪರ್ಧೆಯ ಪೂರ್ಣ ಕಸರತ್ತಿಗೂ ಆರು ನಿಮಿಷದ ಆಸುಪಾಸು ಸಾಕು. ಅಷ್ಟಕ್ಕೆ ಇಂದಿನ ಬ್ಯಾಟರಿ ಧಾರಾಳವಾಗಿ ಬರುತ್ತದೆ.

ಎರಡನೆಯದು ತೂಕ. ಬ್ಯಾಟರಿ ಭಾರ, ನಿಜ. ಆದರೆ ಇಂಧನ ಉರಿದಂತೆ ಎಂಜಿನ್ ವಿಮಾನ ಹಗುರಾಗುತ್ತದೆ, ಅದರ ಸಮತೋಲನದ ಬಿಂದು ಹಿಂದೆ ಸರಿಯುತ್ತದೆ. ಮೊದಲ ಸುತ್ತಿನಲ್ಲಿ ಹಾರಿದ ವಿಮಾನ ಕೊನೆಯ ಸುತ್ತಿನಲ್ಲಿ ಹಾಗೆಯೇ ಹಾರುವುದಿಲ್ಲ. ಬ್ಯಾಟರಿಯ ತೂಕ ಶುರುವಿನಿಂದ ಕೊನೆಯವರೆಗೆ ಒಂದೇ. ಕಲಿಯುವವರಿಗೆ ಇದು ದೊಡ್ಡ ಅನುಕೂಲ. ತಪ್ಪಾದರೆ ಅದು ಕೈಯ ತಪ್ಪೋ ವಿಮಾನದ ತಪ್ಪೋ ಎಂದು ಬೇಗ ಗೊತ್ತಾಗುತ್ತದೆ.

ಮೂರನೆಯ ಆಕ್ಷೇಪ ಹಿರಿಯ ಹವ್ಯಾಸಿಗಳದು. ಅದನ್ನು ನಾನು ಗೌರವದಿಂದಲೇ ಕೇಳುತ್ತೇನೆ. ಚೆನ್ನಾಗಿ ಹದ ಮಾಡಿದ ಎಂಜಿನ್ ಸಮತಲದಲ್ಲಿ ತಣ್ಣಗೆ ಗುನುಗುತ್ತಿರುತ್ತದೆ, ವಿಮಾನದ ಮೂಗು ಮೇಲೆದ್ದ ಕೂಡಲೇ ತಾನಾಗಿ ಸ್ವರ ಏರಿಸಿ ಬಲ ಕೊಡುತ್ತದೆ, ಇಳಿಯುವಾಗ ಮತ್ತೆ ತಗ್ಗುತ್ತದೆ. ಆ ಸ್ವರ ಕೇಳಿಯೇ ಸೂಜಿ ಕವಾಟವನ್ನು ಕೂದಲೆಳೆಯಷ್ಟು ತಿರುಗಿಸುವ ಕಿವಿ ವರ್ಷಗಳ ಸಾಧನೆಯಿಂದ ಬರುತ್ತದೆ. ‘ಗುಂಡಿ ಒತ್ತುವವರಿಗೆ ಯಂತ್ರದ ಮರ್ಮ ಏನು ಗೊತ್ತಾಗುತ್ತದೆ?’ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟುತ್ತದೆ.

ನನ್ನ ಉತ್ತರ ಇಷ್ಟು. ಮರ್ಮ ಹೋಗಿಲ್ಲ, ಕಿವಿಯಿಂದ ಲೆಕ್ಕದ ಪುಸ್ತಕಕ್ಕೆ ಜಾಗ ಬದಲಿಸಿದೆ. ಮೂರು ಸೆಲ್ ಬ್ಯಾಟರಿ ಎಂದರೆ 11.1 ವೋಲ್ಟ್. ಮೋಟಾರಿನ ಕೆವಿ 1000 ಎಂದಿದ್ದರೆ ಹೊರೆಯಿಲ್ಲದೆ ನಿಮಿಷಕ್ಕೆ ಸುಮಾರು 11,100 ಸುತ್ತು. ಪ್ರೊಪೆಲರ್ ಹಾಕಿದರೆ ಎಷ್ಟು ಇಳಿಯುತ್ತದೆ? ಅಳೆಯಬೇಕು. 2200 ಎಂಎಎಚ್ ಬ್ಯಾಟರಿಯಲ್ಲಿ 24 ವ್ಯಾಟ್-ಅವರ್ ಇದೆ. ಅದರ 80 ಭಾಗವಷ್ಟೇ ಬಳಸಬೇಕು ಎಂದರೆ ಉಳಿಯುವುದು ಸುಮಾರು 19. ಆರು ನಿಮಿಷ ಹಾರಬೇಕಾದರೆ ಸರಾಸರಿ 190 ವ್ಯಾಟ್ ಮೀರುವಂತಿಲ್ಲ. 15 ಮೀಟರ್ ತಂತಿಯಲ್ಲಿ ಐದು ಸೆಕೆಂಡಿಗೆ ಒಂದು ಸುತ್ತು ಬಂದರೆ ವೇಗ ಸೆಕೆಂಡಿಗೆ ಸುಮಾರು 19 ಮೀಟರ್. ಆಗ 900 ಗ್ರಾಂ ವಿಮಾನ ಕೈಯನ್ನು ಎಳೆಯುವ ಬಲ ಎರಡು ಕಿಲೊಗೂ ಸ್ವಲ್ಪ ಹೆಚ್ಚು. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಕೇಂದ್ರಾಭಿಮುಖ ಬಲದ ಸೂತ್ರ ಭುಜಕ್ಕೆ ಅರ್ಥವಾಗುವುದು ಆವತ್ತೇ.

ಎಂಜಿನ್ನಿನ ಆ ಸ್ವರದ ಜಾಣ್ಮೆಗೂ ಉತ್ತರ ಹುಡುಕಿದ್ದಾರೆ. ಇಎಸ್‌ಸಿಯ ‘ಗವರ್ನರ್’ ವಿಧಾನ ಮೋಟಾರಿನ ಸುತ್ತನ್ನು ಅಳೆಯುತ್ತಲೇ ಇದ್ದು, ವಿಮಾನ ಏರುವಾಗ ಹೆಚ್ಚು ವಿದ್ಯುತ್ ಹರಿಸಿ ವೇಗ ಕುಗ್ಗದಂತೆ ನೋಡಿಕೊಳ್ಳುತ್ತದೆ. ಮೂಗು ಮೇಲಿದೆಯೋ ಕೆಳಗಿದೆಯೋ ಎಂದು ಸೆನ್ಸರ್‌ನಿಂದ ತಿಳಿದು ಬಲ ಹೊಂದಿಸುವ ಟೈಮರ್‌ಗಳೂ ಬಂದಿವೆ. ಇದು ಆಟಿಕೆಯ ಮಟ್ಟದ ಮಾತಲ್ಲ. ಕಂಟ್ರೋಲ್ ಲೈನ್ ಕಸರತ್ತಿನ ಎಫ್2ಬಿ ವಿಭಾಗದಲ್ಲಿ ಸ್ಲೊವಾಕಿಯಾದ ಇಗೊರ್ ಬರ್ಗರ್ ವಿದ್ಯುತ್ ವಿಮಾನದಿಂದಲೇ ವಿಶ್ವ ಚಾಂಪಿಯನ್ ಆದವರು. ಹಾಗೆಂದು ಎಂಜಿನ್ ಮೂಲೆಗೆ ಬೀಳಬೇಕಿಲ್ಲ. ಟೀಮ್ ರೇಸ್, ಕಾಂಬ್ಯಾಟ್‌ನಂಥ ವಿಭಾಗಗಳು ಇಂದಿಗೂ ಎಂಜಿನ್ನಿನ ಕೋಟೆಗಳೇ. ಹಾರಾಟ ಕೈಗೆ ಹತ್ತಿದ ಮೇಲೆ ಹಿರಿಯರ ಬಳಿ ಕುಳಿತು ಎಂಜಿನ್ ಹದ ಮಾಡುವುದನ್ನೂ ಕಲಿಯಬೇಕು.

ಕೆಲಸ ಹುಡುಕುತ್ತಿರುವವರಿಗೆ ಒಂದು ಮಾತು. ಟೈಮರ್ ಅಂಗಡಿಯಲ್ಲೇ ಕೊಳ್ಳಬೇಕೆಂದಿಲ್ಲ. ಇಎಸ್‌ಸಿಗೆ ಬೇಕಾದದ್ದು ಒಂದರಿಂದ ಎರಡು ಮಿಲಿಸೆಕೆಂಡ್ ಅಗಲದ ವಿದ್ಯುತ್ ಮಿಡಿತ, ಅಷ್ಟೇ. ಒಂದು ಪುಟ್ಟ ಆರ್ಡುಯಿನೊದಿಂದ ಅದನ್ನು ಕೊಡಬಹುದು. ಕಾಯುವುದು, ಮೆಲ್ಲಗೆ ವೇಗ ಏರಿಸುವುದು, ಸಮಯ ಮುಗಿಯುವ ಮುನ್ನ ಎಚ್ಚರಿಕೆ ಕೊಡುವುದು, ಬ್ಯಾಟರಿ ಕುಸಿದರೆ ನಿಲ್ಲಿಸುವುದು, ಇಷ್ಟನ್ನು ಬರೆದು ಹಾರಿಸಿ ತೋರಿಸಿದರೆ ಅದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಯಾವುದು? ಬ್ರಶ್‌ಲೆಸ್ ಮೋಟಾರ್, ಅದರ ನಿಯಂತ್ರಕ, ಲಿಥಿಯಂ ಬ್ಯಾಟರಿಯ ನಿರ್ವಹಣೆ. ರಸ್ತೆಯ ಮೇಲಿನ ಎಲೆಕ್ಟ್ರಿಕ್ ಸ್ಕೂಟರಿನ ಒಳಗೂ ಇರುವುದು ಇವೇ. ಸಂದರ್ಶನದಲ್ಲಿ ‘ನೀವೇ ಮಾಡಿದ್ದು ಏನಾದರೂ ಇದೆಯೇ?’ ಎಂದು ಕೇಳಿದಾಗ ಅಂಕಪಟ್ಟಿಯ ಆಚೆಗೆ ಹೇಳಲು ಒಂದು ಮಾತಿರುತ್ತದೆ.

ಎಚ್ಚರಿಕೆಗಳನ್ನು ಹೇಳದೆ ಮುಗಿಸಬಾರದು. ವಿದ್ಯುತ್ ಎಂದರೆ ಅಪಾಯವಿಲ್ಲ ಎಂದಲ್ಲ. ಬೆರಳು ತಾಗಿದರೆ ಎಂಜಿನ್ ಹಲವು ಬಾರಿ ನಿಂತುಬಿಡುತ್ತದೆ, ಮೋಟಾರ್ ಇನ್ನಷ್ಟು ಬಲ ಹಾಕುತ್ತದೆ. ಮೇಜಿನ ಮೇಲೆ ಪರೀಕ್ಷಿಸುವಾಗ ಪ್ರೊಪೆಲರ್ ಬಿಚ್ಚಿಡಲೇಬೇಕು. ಲಿಥಿಯಂ ಬ್ಯಾಟರಿಯನ್ನು ಚಾರ್ಜ್‌ಗೆ ಹಾಕಿ ಹಾಸ್ಟೆಲ್ ಕೋಣೆಯಲ್ಲಿ ಮಲಗುವಂತಿಲ್ಲ. ಸೆಲ್‌ಗೆ 4.2 ವೋಲ್ಟ್ ಮೀರಬಾರದು, ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು. ಹಾರಿಸುವ ಮುನ್ನ ವಿಮಾನದ ತೂಕದ ಹತ್ತು ಪಟ್ಟು ಬಲದಿಂದ ತಂತಿ ಎಳೆದು ನೋಡಬೇಕು, ಹ್ಯಾಂಡಲಿನ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಬೇಕು. ಕೈಯಲ್ಲಿರುವುದು ಉಕ್ಕಿನ ತಂತಿ ಎಂಬುದನ್ನು ಮರೆತು ವಿದ್ಯುತ್ ಕಂಬಗಳ ಹತ್ತಿರ ಹಾರಿಸುವುದಂತೂ ಸಾವನ್ನು ಕರೆದಂತೆ.

ಖರ್ಚಿನ ಮಾತೂ ಇದೆ. ಮೋಟಾರ್, ಇಎಸ್‌ಸಿ, ಬ್ಯಾಟರಿ, ಚಾರ್ಜರ್ ಎಲ್ಲವನ್ನೂ ಮೊದಲೇ ಕೊಳ್ಳಬೇಕು. ಒಬ್ಬ ವಿದ್ಯಾರ್ಥಿಗೆ ಅದು ಭಾರವೇ. ಆದ್ದರಿಂದಲೇ ಇದು ಒಬ್ಬೊಬ್ಬರೇ ಮಾಡುವ ಕೆಲಸವಲ್ಲ, ಕಾಲೇಜು ಮಾಡಬೇಕಾದ ಕೆಲಸ ಎನ್ನುತ್ತೇನೆ. ಒಂದು ಗಟ್ಟಿಮುಟ್ಟಾದ ತರಬೇತಿ ವಿಮಾನ, ನಾಲ್ಕು ಬ್ಯಾಟರಿ, ಒಂದು ಒಳ್ಳೆಯ ಚಾರ್ಜರ್, ಜೊತೆಗೆ ಒಂದು ನೋಟ್‌ಬುಕ್. ಆ ನೋಟ್‌ಬುಕ್‌ನಲ್ಲಿ ಇಂದು ಯಾರು ಎಷ್ಟು ಸಲ ಹಾರಿಸಿದರು ಎಂದು ಬರೆಯಲಿ. ಪದಕಗಳ ಲೆಕ್ಕ ಎಲ್ಲ ಘಟಕಗಳೂ ಇಡುತ್ತವೆ. ಸರದಿಯ ಲೆಕ್ಕ ಇಡುವವರು ಕಡಿಮೆ. ಮೊದಲ ವರ್ಷದ ಕೆಡೆಟ್‌ನ ಹೆಸರಿನ ಮುಂದೆ ವರ್ಷದ ಕೊನೆಗೂ ಸೊನ್ನೆ ಇದ್ದರೆ, ಗೋಡೆಯ ಮೇಲೆ ಎಷ್ಟು ಪದಕ ತೂಗುತ್ತಿದ್ದರೂ ಆ ಘಟಕ ಕಲಿಸಿದ್ದು ಅಷ್ಟಕ್ಕಷ್ಟೇ.